ಪಾದಕ್ಕೆ ನೆಲ ಸಿಗಬೇಕು: ಮಗುವಿನ ಪಾಟಿ ಕಲಿಕೆಗೆ ಸಾಮಾನು ಆರಿಸುವಾಗ ನಾನು ಕಂಡುಕೊಂಡದ್ದು

ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳು ತುಂಬಿದ್ದಾಗ, ದೊಡ್ಡವರ ಕಮೋಡಿನ ಮೇಲೆ ಇಡುವ ಚಿಕ್ಕ ಪ್ಲಾಸ್ಟಿಕ್ ಸೀಟೊಂದನ್ನು ತಂದು, ಅವಳನ್ನು ಎತ್ತಿ ಅದರ ಮೇಲೆ ಕೂರಿಸಿದೆ. ಕೂತ ಕ್ಷಣವೇ ಅವಳ ಎರಡೂ ಕೈಗಳು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದವು, ಬೆರಳ ಗೆಣ್ಣುಗಳು ಬಿಳಿಚಿಕೊಂಡವು, ಕಾಲಿನ ಹೆಬ್ಬೆರಳುಗಳು ಕೆಳಕ್ಕೆ ಚಾಚಿಕೊಂಡು ನೆಲವನ್ನು ತಡಕಾಡಿದವು. ಹತ್ತು ನಿಮಿಷ ಅವಳೆದುರು ಕೂತು ಕಥೆ ಹೇಳಿದೆ. ಕಥೆ ಅವಳ ಕಿವಿಗೆ ಬೀಳಲಿಲ್ಲ. ಬೀಳದೆ ಕೂತಿರುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು. ಕೊನೆಗೆ "ಅಮ್ಮಾ, ಇಳಿಸು" ಎಂದಳು. ಇಳಿಸಿ ಡೈಪರ್ ಹಾಕಿದ ಎರಡೇ ನಿಮಿಷಕ್ಕೆ ಕಿಟಕಿಯ ಪರದೆಯ ಹಿಂದೆ ಹೋಗಿ, ಕುಕ್ಕರಗಾಲಿನಲ್ಲಿ ಕೂತು, ಕಕ್ಕ ಮಾಡಿ ಬಂದಳು. ನಾಲ್ಕು ದಿನ ಹೀಗೆಯೇ ನಡೆಯಿತು. ಐದನೆಯ ದಿನ, ಪುಸ್ತಕದ ಕಪಾಟಿನ ಬಳಿ ಇದ್ದ ಗಟ್ಟಿಯಾದ ಮರದ ಸ್ಟೂಲನ್ನು ತಂದು ಅವಳ ಪಾದದ ಕೆಳಗಿಟ್ಟೆ. ಅಂಗಾಲು ಮರಕ್ಕೆ ತಾಗಿದ್ದೇ ತಡ, ಬಿಗಿದಿದ್ದ ಭುಜಗಳು ಇಳಿದವು, ಕೈಗಳು ಸೀಟನ್ನು ಬಿಟ್ಟು ಮಂಡಿಯ ಮೇಲೆ ಬಂದವು, ತುಸು ಹೊತ್ತಿನಲ್ಲಿ ಕಮೋಡಿನ ನೀರಿನಲ್ಲಿ ಸಣ್ಣ ಸದ್ದಾಯಿತು. ಅವಳು ಬಗ್ಗಿ ನೋಡಿ, ನನ್ನ ಮುಖ ನೋಡಿ, ಮತ್ತೆ ಬಗ್ಗಿ ನೋಡಿದಳು.

ಆ ದಿನದಿಂದ ಪಾಟಿ ಕಲಿಕೆಗೆ, ಅಂದರೆ ಮಗುವಿಗೆ ಡೈಪರ್ ಬಿಡಿಸಿ ಶೌಚಕ್ಕೆ ಕೂರುವುದನ್ನು ಕಲಿಸುವುದಕ್ಕೆ, ಸಂಬಂಧಿಸಿದ ಯಾವ ಸಾಮಾನನ್ನು ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಿಂದ ಮಗು ಯಾವ ಕೆಲಸವನ್ನು ತಾನಾಗಿಯೇ ಮಾಡಿಕೊಳ್ಳುತ್ತದೆ? ಹತ್ತಿ ಕೂರುವುದು, ನಿರಾಳವಾಗಿ ಕೂತಿರುವುದು, ಚಡ್ಡಿ ಇಳಿಸುವುದು, ಒದ್ದೆಯಾದದ್ದು ಅರಿವಿಗೆ ಬರುವುದು, ಇಳಿದು ಕೈ ತೊಳೆಯುವುದು, ಇವುಗಳಲ್ಲಿ ಒಂದಕ್ಕಾದರೂ ನೆರವಾಗುವ ವಸ್ತು ಇದ್ದರೆ ಅದು ಮನೆಗೆ ಬರಲಿ. ಇವುಗಳಲ್ಲಿ ಯಾವುದಕ್ಕೂ ಒದಗದೆ, ಬರಿಯ ಬಣ್ಣ ಮತ್ತು ಹಾಡಿನಿಂದ ನಮ್ಮ ಕಣ್ಣು ಸೆಳೆಯುವ ವಸ್ತುವನ್ನು ಅಲ್ಲೇ ಬಿಟ್ಟುಬರಬಹುದು. ಮಗಳ ಸಲುವಾಗಿ ತಂದದ್ದರಲ್ಲಿ ಅರ್ಧದಷ್ಟು ಮೂಲೆ ಸೇರಿತು. ಮಗನ ಸರದಿ ಬಂದಾಗ ಬೆರಳೆಣಿಕೆಯ ವಸ್ತುಗಳಲ್ಲೇ ಕೆಲಸ ಮುಗಿಯಿತು. ಆ ಎರಡು ಅನುಭವಗಳಿಂದ ತಿಳಿದದ್ದನ್ನು, ಈಗ ಇದೇ ಹಂತದಲ್ಲಿರುವ ತಾಯಿತಂದೆಯರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಸಾಮಾನಿನ ಮಾತಿಗಿಂತ ಮೊದಲು ಸಮಯದ ಮಾತು. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ ಅವರು 1962ರಲ್ಲಿ 1,170 ಮಕ್ಕಳ ದಾಖಲೆಗಳನ್ನು ಆಧರಿಸಿ ಬರೆದ ಲೇಖನವೊಂದು ಈ ವಿಷಯದಲ್ಲಿ ದೊಡ್ಡ ಬದಲಾವಣೆ ತಂದಿತು. ಮಗುವಿನ ದೇಹವೂ ಮನಸ್ಸೂ ಸಿದ್ಧವಾಗುವ ತನಕ ಕಾಯಬೇಕು, ಅದರ ಹೆಜ್ಜೆಗೆ ನಾವು ಹೆಜ್ಜೆ ಹಾಕಬೇಕು ಎಂಬುದು ಅವರ ನಿಲುವು. ಆ ಮಕ್ಕಳು ಹಗಲಿನ ಹಿಡಿತವನ್ನು ಪೂರ್ತಿಯಾಗಿ ಕಲಿತ ಸರಾಸರಿ ವಯಸ್ಸು 28.5 ತಿಂಗಳು. ಸರಾಸರಿ ಎಂದರೆ ಗಡುವಲ್ಲ. ಹದಿನೆಂಟನೆಯ ತಿಂಗಳಿಗೇ ಕುತೂಹಲ ತೋರುವ ಮಕ್ಕಳೂ ಇದ್ದಾರೆ, ಮೂರು ವರ್ಷ ದಾಟಿದ ಮೇಲೆ ಶುರುಮಾಡಿ ಒಂದೇ ವಾರದಲ್ಲಿ ಕಲಿಯುವವರೂ ಇದ್ದಾರೆ. ಎರಡು ಗಂಟೆಯಷ್ಟು ಹೊತ್ತು ಡೈಪರ್ ಒಣಗಿಯೇ ಇರುವುದು, ಹಗಲು ನಿದ್ದೆಯಿಂದ ಒದ್ದೆಯಾಗದೆ ಏಳುವುದು, ಕೊಳೆಯಾದ ಡೈಪರನ್ನು ತಾನೇ ಕಿತ್ತೆಸೆಯಲು ನೋಡುವುದು, "ಹೋಗಿ ಚೆಂಡು ತೆಗೆದುಕೊಂಡು ಬಾ" ಎಂಬಂಥ ಎರಡು ಭಾಗದ ಮಾತನ್ನು ಅರ್ಥಮಾಡಿಕೊಂಡು ನಡೆಯುವುದು, ನನ್ನ ಮಗಳ ಹಾಗೆ ಪರದೆಯ ಹಿಂದೆ ಅಡಗಿ ಕೂರುವುದು, ಇವೆಲ್ಲ ಮಗು ನಮಗೆ ಕೊಡುವ ಸೂಚನೆಗಳು. ಈ ಸೂಚನೆಗಳಿಲ್ಲದೆ ಎಷ್ಟು ಒಳ್ಳೆಯ ಪಾಟಿ (ಮಕ್ಕಳು ಶೌಚಕ್ಕೆ ಕೂರಲು ನೆಲದ ಮೇಲಿಡುವ ಪುಟ್ಟ ಆಸನ) ತಂದರೂ ಅದು ಮಗುವಿನ ಪಾಲಿಗೆ ಕೂರುವ ಇನ್ನೊಂದು ಕುರ್ಚಿ, ಅಷ್ಟೆ. ಹಾಗೆಂದು ಪಾಟಿಯನ್ನು ಕೆಲವು ವಾರ ಮೊದಲೇ ತಂದು ಬಚ್ಚಲುಮನೆಯ ಮೂಲೆಯಲ್ಲಿಡುವುದು ತಪ್ಪಲ್ಲ. ಬಟ್ಟೆ ತೊಟ್ಟುಕೊಂಡೇ ಕೂತು ಆಡಲಿ, ಬೊಂಬೆಯನ್ನು ಕೂರಿಸಲಿ. ಪರಿಚಯವಾದ ವಸ್ತುವಿಗೆ ಮಗು ಹೆದರುವುದಿಲ್ಲ.

ಇನ್ನು ಪಾದದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ದೇಹದೊಳಗೆ ಗುದನಾಳದ ಹಿಂಬದಿಯನ್ನು ಕುಣಿಕೆಯಂತೆ ಬಳಸಿಕೊಂಡು ಮುಂದಕ್ಕೆ ಎಳೆದು ಹಿಡಿಯುವ ಒಂದು ಸ್ನಾಯು ಇದೆ. ನಿಂತಾಗ, ನಡೆದಾಡುವಾಗ ಅದು ನಾಳವನ್ನು ಬಾಗಿಸಿ ಹಿಡಿಯುವುದರಿಂದ ಮಲ ಒಳಗೇ ನಿಲ್ಲುತ್ತದೆ. ಮಂಡಿಗಳು ಸೊಂಟಕ್ಕಿಂತ ಸ್ವಲ್ಪ ಮೇಲೆದ್ದು, ಮೈ ತುಸು ಮುಂದಕ್ಕೆ ಬಾಗಿದಾಗ ಆ ಕುಣಿಕೆ ಸಡಿಲವಾಗಿ ನಾಳ ನೆಟ್ಟಗಾಗುತ್ತದೆ. ಕಾಲು ಜೋತುಬಿದ್ದ ಮಗು ಬೀಳದಿರಲು ಹೊಟ್ಟೆ, ತೊಡೆ, ಪೃಷ್ಠ ಎಲ್ಲವನ್ನೂ ಬಿಗಿಹಿಡಿಯುತ್ತದೆ. ಬಿಗಿಹಿಡಿದ ಮೈಯಲ್ಲಿ ಆ ಸ್ನಾಯು ಸಡಿಲಾಗುವುದು ಕಷ್ಟ. ಮೂತ್ರದ ಮಾತೂ ಅದೇ: ಆತಂಕದಲ್ಲಿ ಕೂತ ಮಗು ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡದೆ ಇಳಿದುಬಿಡುತ್ತದೆ, ಹತ್ತು ನಿಮಿಷದ ಮೇಲೆ ನೆಲ ಒದ್ದೆಯಾಗುತ್ತದೆ, ದೊಡ್ಡವರು "ಈಗ ತಾನೇ ಕೂರಿಸಿದ್ದೆನಲ್ಲ" ಎಂದು ರೇಗುತ್ತಾರೆ. ತಪ್ಪು ಮಗುವಿನದಲ್ಲ, ಪಾದದ ಕೆಳಗೆ ಏನೂ ಇಲ್ಲದ್ದರದು.

ಆದ್ದರಿಂದ ಕೊಳ್ಳಲು ಹೊರಡುವ ಮುನ್ನ ಅಳತೆ ಪಟ್ಟಿ ಹಿಡಿಯಿರಿ. ಮಗುವನ್ನು ಒಂದು ಮಣೆಯ ಮೇಲೆ ಕೂರಿಸಿ, ಮಂಡಿಯ ಹಿಂಬದಿಯಿಂದ ಹಿಮ್ಮಡಿಯವರೆಗಿನ ಎತ್ತರವನ್ನು ಅಳೆಯಿರಿ. ನನ್ನ ಮಗಳದು ಆಗ ಸುಮಾರು 20 ಸೆಂಟಿಮೀಟರ್ ಇತ್ತು. ನೆಲದ ಮೇಲಿಡುವ ಪಾಟಿಯ ಸೀಟು ಇದಕ್ಕಿಂತ ಎತ್ತರ ಇರಬಾರದು. ಒಂದೆರಡು ಸೆಂಟಿಮೀಟರ್ ತಗ್ಗಿದ್ದರೆ ಇನ್ನೂ ಒಳ್ಳೆಯದು. ದೊಡ್ಡ ಕಮೋಡಾದರೆ ಅದರ ಎತ್ತರವನ್ನೂ ಅಳೆದು, ಮೇಲಿಡುವ ಸೀಟಿನ ದಪ್ಪವನ್ನು ಕೂಡಿಸಿ, ಅದರಿಂದ ಮಗುವಿನ ಕಾಲಿನ ಅಳತೆಯನ್ನು ಕಳೆಯಿರಿ. ನಮ್ಮ ಕಮೋಡು 40 ಸೆಂಟಿಮೀಟರ್, ಸೀಟು 2 ಸೆಂಟಿಮೀಟರ್; 42ರಲ್ಲಿ 20 ಕಳೆದರೆ 22. ಆ ಎತ್ತರದ ಸ್ಟೂಲು ಬೇಕಿತ್ತು, ಮನೆಯ ಮರದ ಸ್ಟೂಲು ಹೆಚ್ಚುಕಡಿಮೆ ಅಷ್ಟೇ ಇದ್ದದ್ದು ನಮ್ಮ ಅದೃಷ್ಟ.

ನೆಲದ ಮೇಲಿಡುವ ಪಾಟಿಯೋ, ಕಮೋಡಿನ ಮೇಲಿಡುವ ಸೀಟೋ ಎಂಬ ಪ್ರಶ್ನೆಗೆ ಎರಡೂ ಸರಿ ಎನ್ನಬಹುದಾದರೂ, ನನ್ನ ಒಲವು ಪಾಟಿಯ ಕಡೆಗೆ. ಎರಡು ವರ್ಷದ ಮಗುವಿಗೆ ಬರುತ್ತಿದೆ ಎಂದು ಅನಿಸುವುದಕ್ಕೂ ಬಂದುಬಿಡುವುದಕ್ಕೂ ನಡುವೆ ಇರುವ ಸಮಯ ಬಹಳ ಕಡಿಮೆ. ಅಷ್ಟರಲ್ಲಿ ದೊಡ್ಡವರನ್ನು ಕರೆದು, ಅವರು ಬಂದು, ಸೀಟು ಜೋಡಿಸಿ, ಎತ್ತಿ ಕೂರಿಸುವುದೆಂದರೆ ಹೆಚ್ಚಿನ ಸಲ ತಡವಾಗುತ್ತದೆ. ನೆಲದ ಮೇಲಿನ ಪಾಟಿಗೆ ಮಗು ತಾನೇ ಓಡುತ್ತದೆ, ತಾನೇ ಕೂರುತ್ತದೆ. ಒಳಗೆ ಏನಾಯಿತು ಎಂಬುದು ಕಣ್ಣಿಗೆ ಕಾಣುವುದೂ ಮಗುವಿಗೆ ಮುಖ್ಯ. ತಾನು ಮಾಡಿದ್ದನ್ನು ನೋಡಿ, ಅದನ್ನು ಕಮೋಡಿಗೆ ಸುರಿಯಲು ಜೊತೆಗೆ ನಡೆದು, ಫ್ಲಶ್ ಒತ್ತಿ ಕೈಬೀಸುವ ಮಗುವಿಗೆ ಇಡೀ ಕೆಲಸದ ಅರ್ಥ ಹತ್ತುತ್ತದೆ. ಫ್ಲಶ್‌ನ ಸದ್ದಿಗೆ ಬೆಚ್ಚುವ ಮಕ್ಕಳಿಗಂತೂ ಮೊದಲ ಕೆಲವು ವಾರ ಪಾಟಿಯೇ ದಾರಿ.

ಪಾಟಿಯನ್ನು ಆರಿಸುವಾಗ ನಾನು ಮೊದಲು ಮಾಡಿದ ತಪ್ಪನ್ನು ಹೇಳಬೇಕು. ಕಾರಿನ ಆಕಾರದ, ಒತ್ತಿದರೆ ಹಾಡುವ, ಒದ್ದೆಯಾದರೆ ದೀಪ ಹತ್ತುವ ಪಾಟಿಯೊಂದನ್ನು ಮೊದಲು ತಂದಿದ್ದೆ. ಮಗಳು ಅದನ್ನು ಬಹಳ ಮೆಚ್ಚಿದಳು, ಆದರೆ ಮೆಚ್ಚಿದ್ದು ಕಾರನ್ನು. ಅದರ ಮೇಲೆ ಕೂತು ಮನೆಯಿಡೀ ಸವಾರಿ ಮಾಡುತ್ತಿದ್ದಳು. ಅದರೊಳಗೆ ಸುಸ್ಸು ಮಾಡಬೇಕೆಂದರೆ ತನ್ನ ಕಾರು ಕೊಳೆಯಾಗುತ್ತದೆಂದು ಅಳುತ್ತಿದ್ದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕಿಂತ ದೊಡ್ಡ ತೊಂದರೆ ತೊಳೆಯುವಾಗ ಕಂಡಿತು. ಒಳಗಿನ ಬಟ್ಟಲನ್ನು ಡ್ರಾಯರಿನಂತೆ ಹಿಂದಿನಿಂದ ಎಳೆಯಬೇಕಿತ್ತು. ಎಳೆಯುವಾಗ ಅಂಚು ತಗುಲಿ ಒಳಗಿದ್ದದ್ದು ತುಳುಕುತ್ತಿತ್ತು. ಸೀಟು ಮತ್ತು ದೇಹ ಸೇರುವ ಕಡೆ ಒಂದು ಕಿರಿದಾದ ಸಂದು ಇತ್ತು, ಅದರೊಳಗೆ ಮೂತ್ರ ಇಳಿದು ಒಣಗಿ, ಎಷ್ಟು ನೀರು ಹೊಯ್ದರೂ ವಾಸನೆ ಬಿಡಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಸಂದನ್ನು ದಿನವೂ ಉಜ್ಜುತ್ತಾ, ಇದರ ವಿನ್ಯಾಸ ಮಾಡಿದವರು ಇದನ್ನು ಒಂದು ದಿನವಾದರೂ ತೊಳೆದಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ.

ಎರಡನೆಯ ಸಲ ತಂದದ್ದು ತೀರಾ ಸರಳವಾದ ಪಾಟಿ. ಒಂದೇ ಅಚ್ಚಿನ ಹೊರದೇಹ, ಮೇಲಿನಿಂದ ನೇರವಾಗಿ ಎತ್ತಬಹುದಾದ ಒಳಬಟ್ಟಲು, ಸಂದುಗೊಂದಿಲ್ಲದ ನುಣುಪು ಮೈ, ತಿಳಿ ಬಣ್ಣ. ತಿಳಿ ಬಣ್ಣ ಎನ್ನುವುದಕ್ಕೂ ಕಾರಣವಿದೆ: ಮೂತ್ರ ಗಾಢ ಹಳದಿಯಾಗಿದ್ದರೆ ಮಗು ಸಾಕಷ್ಟು ನೀರು ಕುಡಿದಿಲ್ಲ ಎಂಬುದು ಬಿಳಿಯ ಬಟ್ಟಲಿನಲ್ಲಿ ತಕ್ಷಣ ಗೊತ್ತಾಗುತ್ತದೆ. ತಳ ಮೇಲ್ಭಾಗಕ್ಕಿಂತ ಅಗಲವಾಗಿರಬೇಕು, ಅಡಿಯಲ್ಲಿ ರಬ್ಬರಿನ ಪಟ್ಟಿ ಇರಬೇಕು. ಕೊಳ್ಳುವ ಮುಂಚೆ ಸೀಟಿನ ಒಂದು ಅಂಚನ್ನು ಅಂಗೈಯಿಂದ ಬಲವಾಗಿ ಒತ್ತಿ ನೋಡಿ. ಇನ್ನೊಂದು ಬದಿ ಮೇಲೆದ್ದರೆ ಆ ಪಾಟಿ ಬೇಡ. ಮಗು ಕೂರುವುದು ನಮ್ಮ ಹಾಗೆ ನಡುವಿಗೆ ಸರಿಯಾಗಿ ಅಲ್ಲ, ಒಂದು ತೊಡೆಯನ್ನು ಊರಿ ಆಮೇಲೆ ಇನ್ನೊಂದನ್ನು ಸರಿಸಿಕೊಳ್ಳುತ್ತದೆ, ಏಳುವಾಗ ಮುಂದಿನ ಅಂಚಿನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಪಾಟಿ ಒಮ್ಮೆ ಮಗುಚಿದರೆ ಆ ಹೆದರಿಕೆ ಹೋಗಲು ವಾರಗಳೇ ಬೇಕು. ಬೆನ್ನಿಗೆ ತುಸು ಆಸರೆ, ಪಕ್ಕದಲ್ಲಿ ಹಿಡಿಯಲು ತಗ್ಗಾದ ಅಂಚು ಇದ್ದರೆ ಸಾಕು. ಎತ್ತರದ ತೋಳುಗಳಿರುವ ಪಾಟಿಯಲ್ಲಿ ಮಗು ಪಕ್ಕದಿಂದ ಜಾರಿ ಕೂರಲಾಗದೆ ಒದ್ದಾಡುತ್ತದೆ.

ಮುಂಭಾಗದ ಎತ್ತರದ ಅಂಚಿನ ಬಗ್ಗೆ ಇನ್ನೊಂದು ಮಾತು. ಗಂಡುಮಕ್ಕಳು ಕೂತು ಸುಸ್ಸು ಮಾಡುವಾಗ ಹೊರಗೆ ಸಿಡಿಯದಿರಲೆಂದು ಕೆಲವು ಪಾಟಿಗಳಿಗೆ ಮುಂದೆ ಒಂದು ತಡೆ ಇರುತ್ತದೆ. ಆ ತಡೆ ಬಟ್ಟಲಿನ ಭಾಗವಾಗಿಯೇ ಗುಂಡಗೆ ಮೇಲೆದ್ದಿದ್ದರೆ ಒಳ್ಳೆಯದು. ಗಟ್ಟಿ ಪ್ಲಾಸ್ಟಿಕ್ಕಿನ, ಚೂಪು ಅಂಚಿನ, ಸಿಕ್ಕಿಸಿ ತೆಗೆಯುವ ತಡೆಯಾದರೆ ಅವಸರದಲ್ಲಿ ಕೂರುವ ಮಗುವಿಗೆ ತರಚುತ್ತದೆ. ಅಂಥ ಜಾಗದಲ್ಲಿ ಒಮ್ಮೆ ನೋವಾದರೆ ಮಗು ಮತ್ತೆ ಹತ್ತಿರ ಬರುವುದಿಲ್ಲ. ತಡೆಯೇ ಇಲ್ಲದಿದ್ದರೂ ಚಿಂತೆಯಿಲ್ಲ, ಮೊಣಕೈಗಳನ್ನು ಮಂಡಿಯ ಮೇಲಿಟ್ಟು ಮುಂದಕ್ಕೆ ಬಾಗಿ ಕೂರಲು ಕಲಿಸಿದರೆ ಮಗನಾಗಲಿ ಮಗಳಾಗಲಿ ಹೊರಗೆ ಸಿಡಿಸುವುದು ಕಡಿಮೆ. ಗಂಡುಮಕ್ಕಳಿಗೂ ಮೊದಲು ಕೂತು ಮಾಡುವುದನ್ನೇ ಕಲಿಸುವುದು ಸುಲಭ, ಏಕೆಂದರೆ ಸುಸ್ಸು ಮಾಡಲೆಂದು ಕೂತಾಗಲೇ ಅನೇಕ ಸಲ ಕಕ್ಕವೂ ಆಗುತ್ತದೆ. ಗೋಡೆಗೆ ಅಂಟಿಸುವ ಪುಟ್ಟ ಯೂರಿನಲ್‌ಗಳು ಆಕರ್ಷಕವಾಗಿವೆ, ಆದರೆ ಅವುಗಳ ಕಾಲ ಆಮೇಲೆ.

ಹಾಡುವ ಪಾಟಿ, ಗಂಟೆ ಬಾರಿಸುವ ಕೈಗಡಿಯಾರ, ದೀಪದ ಸ್ಟೂಲು, ಇವುಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಗಂಭೀರವಾಗಿಯೇ ಹೇಳುತ್ತೇನೆ. ಇಂಥ ಅನೇಕ ವಸ್ತುಗಳಲ್ಲಿ ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾಗಿ ಸುಟ್ಟ ಗಾಯವಾಗಬಲ್ಲದು, ಪ್ರಾಣಕ್ಕೂ ಅಪಾಯ. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇದ್ದು ಸ್ಕ್ರೂಡ್ರೈವರ್ ಇಲ್ಲದೆ ತೆರೆಯಲಾಗದಂತಿದ್ದರೆ ಮಾತ್ರ ಅಂಥ ವಸ್ತು ಮನೆಗೆ ಬರಲಿ. ಮಗು ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು.

ಕಮೋಡಿನ ಮೇಲಿಡುವ ಸೀಟನ್ನೇ ಬಯಸುವವರು ಸೀಟು ಅಲುಗಾಡುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕಮೋಡುಗಳಲ್ಲಿ ಗುಂಡಗಿನವು, ಉದ್ದನೆಯ ಮೊಟ್ಟೆಯಾಕಾರದವು ಎಂದು ಬೇರೆ ಬೇರೆ ಬಗೆಗಳಿವೆ. ಒಂದಕ್ಕೆ ಸರಿಹೊಂದುವ ಸೀಟು ಇನ್ನೊಂದರ ಮೇಲೆ ಜಾರುತ್ತದೆ. ಅಡಿಯಲ್ಲಿ ರಬ್ಬರಿನ ಅಂಚು, ಅಗಲವನ್ನು ಹೊಂದಿಸಿಕೊಳ್ಳುವ ಕೊಂಡಿ ಇದ್ದು, ಎರಡೂ ಕೈಯಿಂದ ಪಕ್ಕಕ್ಕೆ ನೂಕಿದರೂ ಕದಲದಿದ್ದರೆ ಅದು ಒಳ್ಳೆಯ ಸೀಟು. ಮೆತ್ತನೆಯ ಸ್ಪಂಜು ತುಂಬಿ ಹೊಲಿದ ಸೀಟುಗಳು ಚಳಿಯಲ್ಲಿ ಹಿತವೆನಿಸುತ್ತವೆ ನಿಜ. ಆದರೆ ಹೊಲಿಗೆಯ ತೂತುಗಳಿಂದ ಮೂತ್ರ ಒಳಗಿಳಿದರೆ ಅದನ್ನು ತೊಳೆಯುವ ಬಗೆಯೇ ಇಲ್ಲ. ಏಣಿಯೂ ಸೀಟೂ ಒಂದಾಗಿರುವ ಮಡಚುವ ಬಗೆಯನ್ನು ನಾನು ಬಳಸಿ ಬಿಟ್ಟೆ. ಅದರ ಮೆಟ್ಟಿಲು ಕಿರಿದು, ಮಗು ಹತ್ತಿ ಮೇಲೆ ಹೋದ ಮೇಲೆ ತಿರುಗಿ ಕೂರಲು ಜಾಗ ಸಾಲದು, ಮಡಚುವ ಕೀಲಿನಲ್ಲಿ ಬೆರಳು ಸಿಕ್ಕುವ ಭಯ ಬೇರೆ. ಬೇರೆಯಾಗಿ ನಿಲ್ಲುವ ಅಗಲವಾದ ಭಾರದ ಸ್ಟೂಲೇ ಮೇಲು. ಎರಡೂ ಪಾದ ಅಂತರವಿಟ್ಟು ಊರುವಷ್ಟು ಅಗಲ ಇರಲಿ, ಒದ್ದೆ ನೆಲದಲ್ಲಿ ಜಾರದಿರಲಿ. ಅದೇ ಸ್ಟೂಲನ್ನು ಮಗು ಕೈತೊಳೆಯುವ ಬೇಸಿನ್ನಿನ ಬಳಿಗೂ ತಳ್ಳಿಕೊಂಡು ಹೋಗುತ್ತದೆ, ಅದು ಇನ್ನೊಂದು ಲಾಭ. ಕಮೋಡಿನ ಮುಚ್ಚಳ ದಡಕ್ಕನೆ ಬೀಳುವಂಥದ್ದಾದರೆ, ನಿಧಾನವಾಗಿ ಇಳಿಯುವ ಮುಚ್ಚಳಕ್ಕೆ ಬದಲಿಸುವುದು ಒಳ್ಳೆಯ ಖರ್ಚು. ನಿಂತು ಸುಸ್ಸು ಮಾಡಲು ಕಲಿಯುತ್ತಿರುವ ಗಂಡುಮಕ್ಕಳಿಗೆ ಬೀಳುವ ಮುಚ್ಚಳದಿಂದ ಕೆಟ್ಟ ಪೆಟ್ಟಾಗುವುದುಂಟು.

ಮನೆಯಲ್ಲಿರುವುದು ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಾದರೆ ದೇಹದ ಭಂಗಿಯ ಚಿಂತೆಯೇ ಇಲ್ಲ, ಎಳೆಯ ಮಕ್ಕಳಿಗೆ ಅದು ಸಹಜವಾಗಿಯೇ ಬರುತ್ತದೆ. ಗುಂಡಿಯ ಅಗಲ ನೋಡಿ ಹೆದರುವ ಮಗುವಿಗೆ ಎದುರಿನ ಗೋಡೆಯಲ್ಲಿ ಮಗುವಿನ ಎದೆಯ ಎತ್ತರಕ್ಕೆ ಭದ್ರವಾದ ಹಿಡಿಕೆಯೊಂದನ್ನು ಕೂಡಿಸಿದರೆ ಆಯಿತು.

ಈಗ ಚಡ್ಡಿಯ ವಿಷಯ. ಇಲ್ಲಿಯೇ ತಾಯಿತಂದೆಯರು ಹೆಚ್ಚು ಗೊಂದಲಕ್ಕೆ ಬೀಳುವುದು. ಬಳಸಿ ಎಸೆಯುವ ಡೈಪರಿನೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿ ಇರುತ್ತದೆ. ಅದು ತನ್ನ ತೂಕದ ಹಲವು ಪಟ್ಟು ದ್ರವವನ್ನು ಹೀರಿ ಜೆಲ್ಲಿಯಂತೆ ಹಿಡಿದಿಡುವುದರಿಂದ ಚರ್ಮಕ್ಕೆ ತೇವ ತಾಗುವುದಿಲ್ಲ. ಶಿಶುವಿಗೆ ಇದು ವರ. ಕಲಿಯುವ ಮಗುವಿಗೆ ಇದೇ ತೊಡಕು. ಸುಸ್ಸು ಬಂತು, ಬಟ್ಟೆ ಒದ್ದೆಯಾಯಿತು, ಹಿತವಾಗಲಿಲ್ಲ ಎಂಬ ಮೂರನ್ನು ಒಂದಕ್ಕೊಂದು ಜೋಡಿಸಿಕೊಳ್ಳಲು ಮಗುವಿಗೆ ತೇವ ಗೊತ್ತಾಗಲೇಬೇಕು. ಚಡ್ಡಿಯಂತೆ ಎಳೆದು ತೊಡಿಸುವ ಪುಲ್‌ಅಪ್‌ಗಳ ಒಳಗೂ ಇರುವುದು ಅದೇ ಪುಡಿ. ಆಕಾರ ಮಾತ್ರ ಚಡ್ಡಿಯದು. ಮಗು ತಾನೇ ಎಳೆದುಕೊಳ್ಳಬಹುದು ಎಂಬ ಒಂದು ಅನುಕೂಲ ಬಿಟ್ಟರೆ ಹಗಲಿನ ಕಲಿಕೆಗೆ ಅವು ಡೈಪರಿಗಿಂತ ಹೆಚ್ಚೇನೂ ಮಾಡುವುದಿಲ್ಲ ಎಂಬುದು ನನ್ನ ಅನುಭವ. ಹಗಲು ನಿದ್ದೆಗೆ, ರಾತ್ರಿಗೆ, ದೂರದ ಪ್ರಯಾಣಕ್ಕೆ ಅವು ಇರಲಿ.

ಹಗಲಿಗೆ ನನಗೆ ಒಪ್ಪಿಗೆಯಾದದ್ದು ನಡುವೆ ನಾಲ್ಕೈದು ಪದರ ಹತ್ತಿಬಟ್ಟೆ ಹೊಲಿದಿರುವ ಟ್ರೈನಿಂಗ್ ಚಡ್ಡಿಗಳು. ಅವುಗಳಿಂದ ಎಷ್ಟನ್ನು ನಿರೀಕ್ಷಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಸಹಾಯಕ್ಕೆ ಬರುತ್ತದೆ. ಮಗುವಿನ ವಯಸ್ಸಿಗೆ ಎರಡು ಕೂಡಿಸಿ ಮೂವತ್ತರಿಂದ ಗುಣಿಸಿದರೆ ಅದರ ಮೂತ್ರಕೋಶ ಹಿಡಿಯುವ ಅಂದಾಜು ಪ್ರಮಾಣ ಮಿಲಿಲೀಟರಿನಲ್ಲಿ ಸಿಗುತ್ತದೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಎರಡು ವರ್ಷದ ಮಗುವಿಗೆ ಅದು 120 ಮಿಲಿಲೀಟರ್, ಅಂದರೆ ಅರ್ಧ ಲೋಟದಷ್ಟು. ಬಟ್ಟೆಯ ಪದರಗಳು ಪೂರ್ತಿ ಅಷ್ಟನ್ನು ಹಿಡಿಯಲಾರವು, ಹಿಡಿಯಬೇಕಾದ್ದೂ ಇಲ್ಲ. ಮೊದಲ ಧಾರೆ ಇಳಿದದ್ದು ಗೊತ್ತಾಗಿ ಮಗು ಬೆಚ್ಚಿ ನಿಲ್ಲಿಸಿಕೊಂಡಾಗ, ಆ ಸ್ವಲ್ಪವನ್ನು ಹೀರಿಕೊಂಡು, ಉಳಿದದ್ದಕ್ಕೆ ಪಾಟಿಯತ್ತ ಓಡಲು ಅವಕಾಶ ಕೊಟ್ಟರೆ ಆ ಚಡ್ಡಿ ತನ್ನ ಕೆಲಸ ಮಾಡಿದಂತೆ. ಮಗನ ವಿಷಯದಲ್ಲಿ ಆ ಕ್ಷಣವನ್ನು ಕಣ್ಣಾರೆ ಕಂಡೆ. ಇಟ್ಟಿಗೆಯಾಟ ಆಡುತ್ತಿದ್ದವನು ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಂತುಬಿಟ್ಟ, ತಲೆ ಬಗ್ಗಿಸಿ ತನ್ನ ಚಡ್ಡಿಯನ್ನು ನೋಡಿಕೊಂಡ, "ಬಂತು" ಎಂದ, ಮಂಡಿಗಳನ್ನು ಒತ್ತಿಕೊಂಡು ಪುಟ್ಟ ಹೆಜ್ಜೆಯಲ್ಲಿ ಪಾಟಿಯ ಕಡೆ ಹೊರಟ. ಅಂಥ ಚಡ್ಡಿಗಳು ಎಂಟು ಹತ್ತಾದರೂ ಬೇಕು, ಅಳತೆಯಲ್ಲಿ ಒಂದು ಸುತ್ತು ದೊಡ್ಡದಿರಬೇಕು, ಏಕೆಂದರೆ ಬಿಗಿಯಾದ ಚಡ್ಡಿಯನ್ನು ಎಳೆ ಬೆರಳುಗಳು ಇಳಿಸಲಾರವು. ಮೇಲುಡುಪು ಕೂಡ ಸೊಂಟಕ್ಕೆ ಎಲಾಸ್ಟಿಕ್ ಇರುವಂಥದ್ದೇ ಆಗಲಿ. ಗುಂಡಿ, ಜಿಪ್ಪು, ಭುಜಪಟ್ಟಿಗಳ ಉಡುಪನ್ನು ಕೆಲವು ತಿಂಗಳು ಕಪಾಟಿನಲ್ಲಿಡಿ.

ಹಾಸಿಗೆಯ ಮೇಲೆ ನೀರು ಇಳಿಯದ ಹಾಸು ಅಗತ್ಯವಾಗಿ ಬೇಕು. ಒಂದಲ್ಲ, ಎರಡು. ಹಾಸಿಗೆಯ ಮೇಲೆ ಒಂದು ತಡೆಹಾಸು, ಅದರ ಮೇಲೆ ಹೊದಿಕೆಬಟ್ಟೆ, ಅದರ ಮೇಲೆ ಮತ್ತೊಂದು ತಡೆಹಾಸು, ಮತ್ತೊಂದು ಬಟ್ಟೆ, ಹೀಗೆ ಎರಡು ಜೊತೆ ಹಾಸಿಟ್ಟರೆ ನಡುರಾತ್ರಿ ಒದ್ದೆಯಾದಾಗ ಮೇಲಿನ ಜೊತೆಯನ್ನು ಎಳೆದು ಬಿಸಾಡಿ, ಕೆಳಗಿನ ಒಣ ಬಟ್ಟೆಯ ಮೇಲೆ ಮಗುವನ್ನು ಮಲಗಿಸಬಹುದು. ದೀಪ ಹಾಕುವ ಗೋಜೂ ಇಲ್ಲ. ರಾತ್ರಿಯ ಹಿಡಿತ ಕಲಿಸಿ ಬರುವಂಥದ್ದಲ್ಲ ಎಂಬುದು ನೆನಪಿರಲಿ. ನಿದ್ದೆಯಲ್ಲಿ ಮೂತ್ರದ ಉತ್ಪತ್ತಿಯನ್ನು ತಗ್ಗಿಸುವ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ರಾತ್ರಿ ಸಾಕಷ್ಟು ಸ್ರವಿಸಬೇಕು, ತುಂಬಿದ ಮೂತ್ರಕೋಶದ ಕರೆಗೆ ಮೆದುಳು ಎಚ್ಚರಗೊಳ್ಳಬೇಕು. ಇವು ತಮ್ಮ ಕಾಲಕ್ಕೆ ಬರುತ್ತವೆ. ಐದು ವರ್ಷದ ಮಕ್ಕಳಲ್ಲೂ ಸುಮಾರು ಶೇ 15ರಷ್ಟು ಮಂದಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ, ಆ ವಯಸ್ಸಿಗಿಂತ ಮೊದಲು ವೈದ್ಯರು ಅದನ್ನು ತೊಂದರೆಯೆಂದು ಪರಿಗಣಿಸುವುದೇ ಇಲ್ಲ. ರಾತ್ರಿಗಾಗಿ ಮಾರುವ ಯಾವ ಉಪಾಯದ ವಸ್ತುವನ್ನೂ ಎರಡು ಮೂರು ವರ್ಷದ ಮಗುವಿಗೆ ಕೊಳ್ಳಬೇಕಾಗಿಲ್ಲ.

ನೆಲಕ್ಕೂ ಜಮಖಾನೆಗೂ ಕಿಣ್ವ ಬೆರೆಸಿದ ಶುಚಿಕಾರಕ ದ್ರಾವಣವೊಂದು ಇರಲಿ. ಸಾಮಾನ್ಯ ಸೋಪಿನಿಂದ ತೊಳೆದರೂ ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳುಗಳು ನೂಲಿನಲ್ಲಿ ಉಳಿದು, ತೇವ ತಾಗಿದಾಗಲೆಲ್ಲ ವಾಸನೆ ಏಳುತ್ತದೆ. ಕಿಣ್ವಗಳು ಅವನ್ನು ಒಡೆಯುತ್ತವೆ. ದ್ರಾವಣವನ್ನು ಹಾಕಿ ತಕ್ಷಣ ಒರೆಸದೆ ಹತ್ತು ಹದಿನೈದು ನಿಮಿಷ ಬಿಡಬೇಕು. ಪಾಟಿಯ ಬಟ್ಟಲಿಗೆ ಬ್ಲೀಚ್ ಹಾಕುವವರು ಮೊದಲು ಮೂತ್ರವನ್ನು ಚೆಲ್ಲಿ ನೀರಿನಿಂದ ತೊಳೆಯಲೇಬೇಕು, ಏಕೆಂದರೆ ಮೂತ್ರದ ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ಕಣ್ಣು ಗಂಟಲು ಉರಿಸುವ ಕ್ಲೋರಮೈನ್ ಅನಿಲ ಹುಟ್ಟುತ್ತದೆ. ತೊಳೆದ ಬಟ್ಟಲಲ್ಲಿ ನೀರು ನಿಲ್ಲಿಸಿ ಇಡಬೇಡಿ, ಕವುಚಿ ಒಣಗಿಸಿ.

ಉಳಿದ ಚಿಲ್ಲರೆ ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟಿಕ್ಕರ್ ಪಟ್ಟಿ ಕೆಲವು ಮಕ್ಕಳಿಗೆ ಹುರುಪು ಕೊಡುತ್ತದೆ. ಆದರೆ ಸ್ಟಿಕ್ಕರ್ ಕೊಡುವುದು ಕೂತದ್ದಕ್ಕೆ, ಪ್ರಯತ್ನಿಸಿದ್ದಕ್ಕೆ ಆಗಿರಲಿ, ಫಲ ಬಂದದ್ದಕ್ಕೆ ಮಾತ್ರವಲ್ಲ. ಒದ್ದೆ ಒರೆಸುಬಟ್ಟೆಗಳ ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ಕಮೋಡಿಗೆ ಹಾಕಬೇಡಿ, ಅವು ಕಾಗದದಂತೆ ಕರಗದೆ ಕೊಳವೆಯಲ್ಲಿ ಕಟ್ಟಿಕೊಳ್ಳುತ್ತವೆ. ಪ್ರಯಾಣಕ್ಕೆ ಕಾಲು ಮಡಚುವ ಪಾಟಿ, ಅದಕ್ಕೆ ಹೀರುವ ಹಾಳೆ ಇರುವ ಚೀಲಗಳು ಬಹಳ ಉಪಯುಕ್ತ. ಚೀಲಗಳು ಮಾತ್ರ ಮಗುವಿನ ಕೈಗೆ ಸಿಗದಂತಿರಲಿ, ಮುಖಕ್ಕೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಚೀಲದಲ್ಲಿ ಅಂಟು ಚೀಟಿಯ ಒಂದು ಕಟ್ಟನ್ನೂ ಇಟ್ಟುಕೊಳ್ಳಿ. ಹೊರಗಿನ ಶೌಚಾಲಯಗಳಲ್ಲಿ ತಾನಾಗಿಯೇ ಫ್ಲಶ್ ಆಗುವ ಕಮೋಡಿನ ಸಂವೇದಕದ ಮೇಲೆ ಒಂದು ಚೀಟಿ ಅಂಟಿಸಿದರೆ, ಮಗು ಕೂತಿರುವಾಗಲೇ ನೀರು ಭೋರೆಂದು ಹರಿದು ಹೆದರಿಸುವುದು ತಪ್ಪುತ್ತದೆ.

ಯಾವ ಸಾಮಾನಿನಿಂದಲೂ ಬಗೆಹರಿಯದ ಒಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಮಗಳು ಚೆನ್ನಾಗಿ ಕಲಿತು ಎರಡು ತಿಂಗಳಾದ ಮೇಲೆ ಇದ್ದಕ್ಕಿದ್ದಂತೆ ಕಕ್ಕಕ್ಕೆ ಕೂರಲು ಒಪ್ಪದಾದಳು. ಪಾಟಿ ಬದಲಿಸಿದೆ, ಸೀಟು ಬದಲಿಸಿದೆ, ಹೊಸ ಸ್ಟಿಕ್ಕರ್ ತಂದೆ. ಕಾಲು ಅಡ್ಡಹಾಕಿ, ತುದಿಗಾಲಲ್ಲಿ ನಿಂತು, ಮುಖ ಕೆಂಪಗೆ ಮಾಡಿಕೊಳ್ಳುವುದನ್ನು ಕಂಡು ನಾನು ಅವಳು ಪ್ರಯತ್ನಪಡುತ್ತಿದ್ದಾಳೆಂದು ಭಾವಿಸಿದ್ದೆ. ಅವಳು ಬರದಂತೆ ತಡೆಹಿಡಿಯುತ್ತಿದ್ದಳು ಎಂಬುದನ್ನು ವೈದ್ಯರು ಹೇಳಿದ ಮೇಲೆ ತಿಳಿಯಿತು. ಒಮ್ಮೆ ಮಲ ಗಟ್ಟಿಯಾಗಿ ನೋವಾದರೆ ಮಗು ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ಕರುಳು ನೀರನ್ನು ಹೀರಿ ಮಲ ಇನ್ನೂ ಗಟ್ಟಿಯಾಗುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನೂ ಒತ್ತುವುದರಿಂದ ಚಡ್ಡಿ ಮತ್ತೆ ಒದ್ದೆಯಾಗತೊಡಗುತ್ತದೆ. ಇದು ಹಟವಲ್ಲ, ಮಲಬದ್ಧತೆ. ಇದಕ್ಕೆ ಬೇಕಾದದ್ದು ವೈದ್ಯರ ಸಲಹೆ, ಮಲ ಮೆದುವಾಗುವ ಚಿಕಿತ್ಸೆ, ಒತ್ತಾಯವಿಲ್ಲದ ಕೆಲವು ವಾರಗಳು. ಊಟವಾದ ಹದಿನೈದು ಇಪ್ಪತ್ತು ನಿಮಿಷಕ್ಕೆ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತಿನಲ್ಲಿ ಮೂರರಿಂದ ಐದು ನಿಮಿಷ ಕೂರಿಸಿ, ಬಾರದಿದ್ದರೆ ನಗುತ್ತಲೇ ಇಳಿಸಿಬಿಡಬೇಕು. ನಾವು ಹಾಗೆಯೇ ಮಾಡಿದೆವು. ಆರು ವಾರ ಹಿಡಿಯಿತು. ಆ ದಿನಗಳಲ್ಲಿ ಅವಳ ಪಾದದ ಕೆಳಗೆ ಸ್ಟೂಲು ಇದ್ದೇ ಇರುತ್ತಿತ್ತು, ಎದುರಿಗೆ ನಾನಿದ್ದೆ. ನೋವಾಗದೆ ಹೊರಬಂದ ದಿನ ಅವಳು ಕೂತಲ್ಲಿಂದಲೇ ನನ್ನ ಕೊರಳಿಗೆ ಕೈ ಹಾಕಿದಳು.

ಪಾಟಿಗಳು ಈಗ ಮನೆಯಲ್ಲಿಲ್ಲ. ಸರಳವಾದದ್ದನ್ನು ತೊಳೆದು, ಬಿರುಕಿಲ್ಲವೆಂದು ನೋಡಿ, ಪರಿಚಿತರ ಮಗುವಿಗೆ ಕೊಟ್ಟೆ. ಮಗಳಿಗೆ ಆರು ವರ್ಷ. ಅವಳ ಪಾದ ಇನ್ನೂ ನೆಲಕ್ಕೆ ಪೂರ್ತಿ ತಾಗುವುದಿಲ್ಲ, ಹಾಗಾಗಿ ಆ ಮರದ ಸ್ಟೂಲು ಕಮೋಡಿನ ಬಳಿಯೇ ಇದೆ; ಅವಳು ಇಳಿದ ಮೇಲೆ ಅದನ್ನು ಬೇಸಿನ್ನಿನ ಕಡೆ ತಳ್ಳಿಕೊಂಡು ಹೋಗಿ ಕೈ ತೊಳೆಯುತ್ತಾಳೆ, ಆಮೇಲೆ ತಮ್ಮನಿಗೆ ಬೇಕಾಗುತ್ತದೆಂದು ವಾಪಸು ತಂದಿಡುತ್ತಾಳೆ.